ಸಿಎನ್‌ಸಿ ಬಂದ ಮೇಲೂ ಹಳೇ ಲೇಥ್ ಮಾರಲಿಲ್ಲ

ಪೀಣ್ಯ ಎರಡನೇ ಹಂತದಲ್ಲಿರುವ ನಮ್ಮ ಶೆಡ್‌ಗೆ ಬಂದವರು ಮೊದಲು ಕೇಳುವುದು ಮೂಲೆಯಲ್ಲಿರುವ ಹಳೇ ಎಚ್‌ಎಂಟಿ ಲೇಥ್ ಬಗ್ಗೆ, ಅಂದರೆ ಲೋಹದ ತುಂಡನ್ನು ತಿರುಗಿಸುತ್ತಾ ಕೈಯಲ್ಲಿ ನಡೆಸಿ ಕೊಯ್ಯುವ ಮಷಿನ್ ಬಗ್ಗೆ. "ಇದನ್ಯಾಕೆ ಇನ್ನೂ ಇಟ್ಕೊಂಡಿದ್ದೀರಾ? ಇಷ್ಟು ಜಾಗದಲ್ಲಿ ಇನ್ನೊಂದು ಸಿಎನ್‌ಸಿ ಕೂರುತ್ತಲ್ಲಾ?" ಅಂತ. ಸಿಎನ್‌ಸಿ ಅಂದರೆ ಅದೇ ಕೆಲಸವನ್ನು ಕಂಪ್ಯೂಟರ್ ಪ್ರೋಗ್ರಾಂ ಪ್ರಕಾರ ತಾನೇ ಮಾಡುವ ಮಷಿನ್. ಅವರ ಮಾತು ಸರಿಯೇ. ಚದರ ಅಡಿ ಲೆಕ್ಕದಲ್ಲಿ ಬಾಡಿಗೆ ಕಟ್ಟುವವನು ಒಂದು ಮೂಲೆಯನ್ನು ಸುಮ್ನೆ ಬಿಡುವ ಹಾಗಿಲ್ಲ. ಆದರೆ 13 ವರ್ಷದಿಂದ ಸಿಎನ್‌ಸಿ ಓಡಿಸುತ್ತಾ ನಾನು ಕಲಿತದ್ದರಲ್ಲಿ ಅರ್ಧ ಆ ಲೇಥ್‌ಗೇ ಸೇರಿದ್ದು. ಮೊದಲ ಸಿಎನ್‌ಸಿ ತರಬೇಕೋ ಬೇಡವೋ ಅಂತ ಯೋಚಿಸುತ್ತಿರುವ ಸಣ್ಣ ವರ್ಕ್‌ಶಾಪ್‌ನವರಿಗೆ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ.

ನಾನು ಕುಣಿಗಲ್ ಕಡೆಯವನು. ಐಟಿಐನಲ್ಲಿ ಟರ್ನರ್ ಟ್ರೇಡ್, ಅಂದರೆ ಲೇಥ್ ಕೆಲಸ, ಮುಗಿಸಿ 1994ರಲ್ಲಿ ಪೀಣ್ಯಕ್ಕೆ ಬಂದೆ. ಪಕ್ಕದ ಜಾಲಹಳ್ಳಿಯ ಎಚ್‌ಎಂಟಿ 1953ರಲ್ಲಿ ಸ್ವಿಸ್ ಕಂಪನಿ ಓರ್ಲಿಕಾನ್ ಸಹಾಯದಿಂದ ಶುರುವಾದದ್ದು. ಅಲ್ಲಿ ತಯಾರಾದ ಲೇಥ್‌ಗಳೂ ಅಲ್ಲಿ ಕೆಲಸ ಕಲಿತವರೂ ಆಗ ಪೀಣ್ಯದ ಗಲ್ಲಿಗಲ್ಲಿಯಲ್ಲಿದ್ದರು. ನನಗೆ ಕಲಿಸಿದ ಮೇಸ್ತ್ರಿ ಕೂಡ ಅಂಥವರ ಕೈಕೆಳಗೆ ಪಳಗಿದವರು. ಮೊದಲ ಎರಡು ತಿಂಗಳು ನನ್ನ ಕೈಗೆ ಜಾಬ್, ಅಂದರೆ ಕೊಯ್ದು ಕೊಡಬೇಕಾದ ಪೀಸ್, ಕೊಡಲಿಲ್ಲ. ಕೊಯ್ಯುವ ಟೂಲ್ ಗ್ರೈಂಡ್ ಮಾಡು, ತೋರಿಸು, ಮತ್ತೆ ಮಾಡು, ಅಷ್ಟೇ. ಆಮೇಲೆ ಲೇಥ್ ಕೊಟ್ಟಾಗ ಪಕ್ಕದಲ್ಲೇ ನಿಂತಿರುತ್ತಿದ್ದರು. "ಕೈ ಸುಡ್ತಿರೋ ಪೀಸ್‌ಗೆ ಮೈಕ್ರೋಮೀಟರ್ ಹಚ್ಚಬೇಡ ಕಣೋ. ಅದು ಸುಳ್ಳು ಹೇಳುತ್ತೆ" ಅಂತ ಬೈಯುತ್ತಿದ್ದರು. ಯಾಕೆ ಅಂತ ಆಗ ಕೇಳಲಿಲ್ಲ. ಹೇಳಿದಂತೆ ಮಾಡಿದೆ.

2005ರಲ್ಲಿ ಎರಡು ಸೆಕೆಂಡ್ ಹ್ಯಾಂಡ್ ಲೇಥ್ ಹಾಕಿಕೊಂಡು ಸ್ವಂತ ಶೆಡ್ ಶುರು ಮಾಡಿದೆ. ಎರಡು ವರ್ಷ ಆದಮೇಲೆ ಮೇಸ್ತ್ರಿನೂ ನಮ್ಮಲ್ಲಿಗೇ ಬಂದರು. 2012ರ ಹೊತ್ತಿಗೆ ನಾಲ್ಕು ಲೇಥ್, ಮೇಸ್ತ್ರಿ ಸೇರಿ ನಾಲ್ಕು ಜನ ಟರ್ನರ್. ಪಂಪ್ ಶಾಫ್ಟು, ಬುಷ್ಷು, ಪಿನ್ನು, ಬಂದ ಜಾಬ್‌ವರ್ಕ್ ಎಲ್ಲಾ ಮಾಡುತ್ತಿದ್ದೆವು.

ಸಿಎನ್‌ಸಿ ಕಡೆ ನನ್ನನ್ನು ತಳ್ಳಿದ್ದು ಒಂದೇ ಒಂದು ಜಾಬ್. ತಿಂಗಳಿಗೆ 400 ಶಾಫ್ಟ್. ಬೇರಿಂಗ್ ಕೂರುವ ಜಾಗದಲ್ಲಿ 60 ಎಂಎಂ ವ್ಯಾಸ. ಅಳತೆ 59.981ರಿಂದ 60.000 ಒಳಗೇ ಇರಬೇಕು. ಅಂದರೆ 19 ಮೈಕ್ರಾನ್ (ಎಂಎಂನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಜಾಗ, ಹೆಚ್ಚೂಕಡಿಮೆ ಒಂದು ತಲೆಗೂದಲಿನ ಕಾಲು ಭಾಗ. ಮೇಸ್ತ್ರಿ ಕೈಯಲ್ಲಿ ಇದು ಸಲೀಸಾಗಿ ಬರುತ್ತಿತ್ತು. ಬೆಳಗಿನ ಹೊತ್ತು ಎಲ್ಲರ ಕೈಯಲ್ಲೂ ಬರುತ್ತಿತ್ತು. ಮಧ್ಯಾಹ್ನ ಮೂರು ದಾಟಿದ ಮೇಲೆ ಶುರುವಾಗುತ್ತಿತ್ತು ತೊಂದರೆ. ನೂರಕ್ಕೆ ಏಳೆಂಟು ಪೀಸ್ ಗುಜರಿಗೆ ಹೋಗುತ್ತಿದ್ದವು. ಹುಡುಗರು ಅಸಡ್ಡೆ ಮಾಡುತ್ತಿದ್ದರು ಅಂತ ನಾನು ಯಾವತ್ತೂ ಹೇಳಲಾರೆ. ದಿನಕ್ಕೆ ನಲವತ್ತು ಸಲ ಅದೇ ಹ್ಯಾಂಡ್‌ವೀಲ್ ತಿರುಗಿಸಿ, ನಲವತ್ತು ಸಲ ಅದೇ 19 ಮೈಕ್ರಾನ್ ಹಿಡಿಯಬೇಕು ಅಂದರೆ ಕಣ್ಣು, ಭುಜ ಎರಡೂ ಸೋಲುತ್ತವೆ.

ಮಷಿನ್ ತೆಗೆದುಕೊಳ್ಳುವ ಮೊದಲು ಒಂದು ನೋಟ್‌ಬುಕ್ಕಲ್ಲಿ ಲೆಕ್ಕ ಹಾಕಿದೆ. ಇವತ್ತಿಗೂ ಯಾರಾದರೂ ಕೇಳಿದರೆ ಅದನ್ನೇ ತೋರಿಸುತ್ತೇನೆ. ಆ ಶಾಫ್ಟ್‌ಗೆ ಲೇಥಲ್ಲಿ ಸೆಟಪ್ (ಶುರು ಮಾಡುವ ಮುಂಚಿನ ತಯಾರಿ) 20 ನಿಮಿಷ, ಆಮೇಲೆ ಪೀಸ್‌ಗೆ 9 ನಿಮಿಷ. ಸಿಎನ್‌ಸಿಯಲ್ಲಿ ಪ್ರೋಗ್ರಾಂ ಬರೆದು, ಟೂಲ್ ಹಾಕಿ, ಮೊದಲ ಪೀಸ್ ಅಳತೆಗೆ ತರುವಷ್ಟರಲ್ಲಿ 2 ಗಂಟೆ, ಆಮೇಲೆ ಪೀಸ್‌ಗೆ ಎರಡೂವರೆ ನಿಮಿಷ. ಬರೀ ಸಮಯ ನೋಡಿದರೆ 16ನೇ ಪೀಸ್‌ಗೇ ಸಿಎನ್‌ಸಿ ಮುಂದೆ ಹೋಗುತ್ತೆ. ಮಾರಲು ಬಂದವರು ತೋರಿಸುವುದೂ ಇದನ್ನೇ. ಆದರೆ ಸಾಲದ ಕಂತು, ಕರೆಂಟು, ಇನ್ಸರ್ಟು (ಟೂಲ್‌ಗೆ ಹಾಕಿ ಬದಲಿಸುವ ಕೊಯ್ಯುವ ತುದಿ) ಎಲ್ಲಾ ಸೇರಿಸಿದರೆ ನಮಗೆ ಲೇಥ್ ನಿಮಿಷಕ್ಕೆ 4 ರೂಪಾಯಿ, ಸಿಎನ್‌ಸಿ 8 ರೂಪಾಯಿ ಬೀಳುತ್ತಿತ್ತು. ಈ ರೇಟ್ ಹಾಕಿ ನೋಡಿದರೆ ಎರಡೂ ಸಮ ಆಗೋದು 55ನೇ ಪೀಸ್‌ಗೆ. ಅದಕ್ಕಿಂತ ಕಡಿಮೆ ಪೀಸ್ ಇದ್ದರೆ ಲೇಥೇ ಲಾಭ. ಅದೇ ಜಾಬ್ ಮತ್ತೆ ಬಂದರೆ ಪ್ರೋಗ್ರಾಂ ಆಗಲೇ ಇರುತ್ತೆ, ಸೆಟಪ್ 45 ನಿಮಿಷಕ್ಕೆ ಇಳಿಯುತ್ತೆ. ಆಗ 18 ಪೀಸ್‌ಗೇ ಸಿಎನ್‌ಸಿ ಗೆಲ್ಲುತ್ತೆ. ಹಾಗಾಗಿ ನಾನು ನೋಡಿದ್ದು ಮಷಿನ್ ಎಷ್ಟು ಸ್ಪೀಡ್ ಅನ್ನೋದಕ್ಕಿಂತ ಜಾಸ್ತಿ, ಯಾವ ಜಾಬ್ ತಿಂಗಳು ತಿಂಗಳು ವಾಪಸ್ ಬರುತ್ತೆ ಅನ್ನೋದನ್ನು. ಹಿಂದಿನ ಎರಡು ವರ್ಷದ ಡೆಲಿವರಿ ಚಲನ್ ಎಲ್ಲಾ ತೆಗೆದು ಗುಡ್ಡೆ ಹಾಕಿ ಎಣಿಸಿದೆ. ಹನ್ನೊಂದು ಜಾಬ್ ಸಿಕ್ಕವು. ಅಷ್ಟರ ಧೈರ್ಯದ ಮೇಲೆ ಬ್ಯಾಂಕಿಗೆ ಹೋದೆ. 14 ಲಕ್ಷ ಸಾಲ, ಐದು ವರ್ಷ, ತಿಂಗಳಿಗೆ 31 ಸಾವಿರ ಚಿಲ್ಲರೆ ಕಂತು.

ಮಷಿನ್ ಬರುವ ಮುಂಚೆ ರಾಜಾಜಿನಗರದ ಜಿಟಿಟಿಸಿಯಲ್ಲಿ ಸಿಎನ್‌ಸಿ ತರಬೇತಿಗೆ ಹೋದೆ. 1972ರಲ್ಲಿ ಡೆನ್ಮಾರ್ಕ್ ಸಹಾಯದಿಂದ ಶುರುವಾದ ಸರ್ಕಾರಿ ಟೂಲ್‌ರೂಮ್ ಅದು. ಪಕ್ಕದಲ್ಲಿ ಕೂತವರೆಲ್ಲ ನನಗಿಂತ ಹದಿನೈದು ವರ್ಷ ಚಿಕ್ಕವರು. ಕಂಪ್ಯೂಟರ್ ಅವರಿಗೆ ಬೇಗ ಬಂತು. ಆದರೆ ಸ್ಪೀಡ್ ಎಷ್ಟು, ಫೀಡ್ (ಟೂಲ್ ಮುಂದೆ ಸಾಗುವ ವೇಗ) ಎಷ್ಟು, ಈ ಕಟ್ ಎಳೆದರೆ ಜಾಬ್ ಬಾಗುತ್ತಾ ಅನ್ನೋದೆಲ್ಲ ನನಗೆ ಮೊದಲೇ ಗೊತ್ತಿತ್ತು. ಜಿ ಕೋಡ್, ಅಂದರೆ ಮಷಿನ್‌ಗೆ ಕೊಡುವ ಆಜ್ಞೆಗಳನ್ನು, ಬರೆಯುವಾಗ ಮನಸ್ಸಲ್ಲಿ ಲೇಥ್ ಓಡುತ್ತಿತ್ತು.

ಮಷಿನ್ ಬಂದ ಮೊದಲ ವಾರ ನೋಡಿದ ಒಂದು ವಿಷಯ ಇನ್ನೂ ಕಣ್ಣಲ್ಲಿದೆ. 200 ಎಂಎಂ ಪ್ಲೇಟ್‌ನ ಮುಖ ಹೊಡೆಯುತ್ತಿದ್ದೆವು, ಅಂದರೆ ಮೇಲ್ಮೈ ಕೊಯ್ದು ಸಮ ಮಾಡುತ್ತಿದ್ದೆವು. ಲೇಥಲ್ಲಿ ಹೊರಗಿನ ಅಂಚಿನಿಂದ ನಡುವಿಗೆ ಬರುವ ತನಕ ಒಂದೇ ಆರ್‌ಪಿಎಂ. ಅಂಚಲ್ಲಿ ಸರಿಯಾಗಿ ಕೊಯ್ಯುತ್ತೆ. ನಡುವಿಗೆ ಬರುತ್ತಾ ಬರುತ್ತಾ ಕೊಯ್ಯುವ ವೇಗ ಸತ್ತು ಮುಖ ಒರಟಾಗುತ್ತೆ. ಎಷ್ಟು ಒಳ್ಳೇ ಟರ್ನರ್ ಆದರೂ ಅಷ್ಟೇ, ಸ್ಪೀಡ್ ಬದಲಿಸುವ ಲಿವರ್ ಇರುವುದೇ ಹಾಗೆ. ಸಿಎನ್‌ಸಿಯಲ್ಲಿ ಜಿ96 (ಕೊಯ್ಯುವ ವೇಗ ಒಂದೇ ಇಡುವ ಕೋಡ್) ಹಾಕಿ ನಿಮಿಷಕ್ಕೆ 150 ಮೀಟರ್ ಅಂತ ಕೊಟ್ಟೆ. ಅಂಚಲ್ಲಿ ಸುಮಾರು 240 ಆರ್‌ಪಿಎಂ ಇದ್ದ, ಜಾಬ್ ತಿರುಗಿಸುವ ಸ್ಪಿಂಡಲ್ ತಾನೇ ಏರುತ್ತಾ ಹೋಗಿ 20 ಎಂಎಂ ವ್ಯಾಸದ ಹತ್ತಿರ 2,400 ಮುಟ್ಟಿತು. ಬಾಗಿಲು ತೆಗೆದಾಗ ಅಂಚಿಂದ ನಡುವಿನ ತನಕ ಒಂದೇ ಹೊಳಪು. ಮೇಸ್ತ್ರಿ ಆ ಮುಖದ ಮೇಲೆ ಉಗುರು ಆಡಿಸಿದರು. "ಮೂವತ್ತು ವರ್ಷ ಇದನ್ನ ಮಾಡಕ್ಕೆ ಒದ್ದಾಡಿದ್ದೀನಪ್ಪಾ" ಅಂದರು. ಕಂಪ್ಯೂಟರ್ ಏನು ಕೊಡುತ್ತೆ ಅಂತ ಯಾರಾದರೂ ಕೇಳಿದರೆ ನನಗೆ ಆ ಉಗುರು ನೆನಪಾಗುತ್ತೆ. ಅದೇ 60 ಎಂಎಂ ಶಾಫ್ಟ್‌ನ ರಿಜೆಕ್ಷನ್ ನೂರಕ್ಕೆ ಏಳೆಂಟು ಇದ್ದದ್ದು ಮೂರು ತಿಂಗಳಲ್ಲಿ ಒಂದಕ್ಕಿಂತ ಕೆಳಗೆ ಬಂತು. ಬಿಸಿ ಚಿಪ್ಸ್ (ಕೊಯ್ದ ಲೋಹದ ಚೂರು) ಹಾರಿ ಕೈ, ಕತ್ತು ಸುಡುವುದು ನಿಂತಿತು. ನನ್ನ ಎಡ ಮುಂಗೈಯಲ್ಲಿ ಲೇಥ್ ಕಾಲದ ಮೂರು ಗಾಯದ ಗುರುತಿದೆ. ಈಗಿನ ಹುಡುಗರ ಕೈಯಲ್ಲಿ ಒಂದೂ ಇಲ್ಲ. ಇದು ಸಣ್ಣ ವಿಷಯ ಅಲ್ಲ.

ಆದರೆ ಅದೇ ವರ್ಷ ಇಬ್ಬರು ಟರ್ನರ್‌ಗಳು ಬಿಟ್ಟು ಹೋದರು. ನಾನಾಗಿ ಹೋಗಿ ಅನ್ನಲಿಲ್ಲ. ಅವರ ಲೇಥ್‌ಗೆ ಕೆಲಸ ಇಲ್ಲದಂತಾಯಿತು, ಓವರ್‌ಟೈಮ್ ನಿಂತಿತು, ಅವರಿಗೂ ಅರ್ಥವಾಯಿತು. ಒಬ್ಬರು ದಾಬಸ್‌ಪೇಟೆ ಕಡೆ ಬೇರೆ ಶಾಪ್ ಸೇರಿದರು. ಇನ್ನೊಬ್ಬರು ಆಟೋ ತೆಗೆದುಕೊಂಡರು. ಹತ್ತೊಂಬತ್ತು ವರ್ಷ ಲೋಹ ಕೊಯ್ದ ಕೈ ಅದು. ಅವರಿಬ್ಬರಿಗೂ ಪ್ರೋಗ್ರಾಂ ಕಲಿಸಬಹುದಿತ್ತು. ಕಂತಿನ ಭಯದಲ್ಲಿ ಮಷಿನ್ ಒಂದು ಗಂಟೆಯೂ ನಿಲ್ಲಿಸಬಾರದು ಅಂತ ಹಠ ಹಿಡಿದಿದ್ದೆ, ಕಲಿಸಲು ಟೈಮ್ ಕೊಡಲಿಲ್ಲ. ಆ ಬೇಜಾರು ಇವತ್ತಿಗೂ ಇದೆ.

ಅವರು ಹೋದ ಮೇಲೆ ಐಟಿಐ ಮುಗಿಸಿದ ಹೊಸ ಹುಡುಗರನ್ನು ನೇರವಾಗಿ ಸಿಎನ್‌ಸಿ ಮುಂದೆ ನಿಲ್ಲಿಸಿದೆ. ಬಾಗಿಲು ತೆಗಿ, ಜಾಬ್ ಹಾಕು, ಬಾಗಿಲು ಹಾಕು, ಹಸಿರು ಬಟನ್ ಒತ್ತು. ಒಂದು ವಾರಕ್ಕೆ ಕೆಲಸ ಬರುತ್ತೆ. ಖುಷಿಯಾಗಿದ್ದೆ. 2013ರ ಒಂದು ರಾತ್ರಿ ಪಾಳಿಯ ತನಕ.

ಆ ರಾತ್ರಿ ಹುಡುಗ ಒಬ್ಬನೇ ಇದ್ದ. ಅದೇ 60 ಎಂಎಂ ಶಾಫ್ಟ್. ಜಾಬ್ ತಣ್ಣಗಿಡುವ ಕೂಲೆಂಟ್ ನಳಿಕೆ ಹೇಗೋ ಸ್ವಲ್ಪ ತಿರುಗಿಕೊಂಡು ನೀರು ಟೂಲ್ ಬಾಯಿಗೆ ಬೀಳುತ್ತಿರಲಿಲ್ಲ. ಜಾಬ್ ಬಿಸಿಯಾಗಿಯೇ ಹೊರಗೆ ಬರುತ್ತಿತ್ತು. ಅವನು ತಕ್ಷಣ ಮೈಕ್ರೋಮೀಟರ್ ಹಚ್ಚಿದ. 60.006 ತೋರಿಸಿತು. 6 ಮೈಕ್ರಾನ್ ಜಾಸ್ತಿ. ಅವನಿಗೆ ಹೇಳಿಕೊಟ್ಟಿದ್ದ ಪ್ರಕಾರವೇ ಮಷಿನ್‌ನ ಅಳತೆ ತಿದ್ದುವ ಆಫ್‌ಸೆಟ್‌ನಲ್ಲಿ 15 ಮೈಕ್ರಾನ್ ಕಡಿಮೆ ಮಾಡಿದ. ಮುಂದಿನ ಪೀಸ್ 59.991 ಬಂತು, ನಡುಮಧ್ಯ. ನೆಮ್ಮದಿಯಾಗಿ ಬೆಳಗಿನ ತನಕ 140 ಪೀಸ್ ಓಡಿಸಿದ.

ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಮೀಟರಿಗೆ ಹನ್ನೊಂದೂವರೆ ಮೈಕ್ರಾನ್‌ನಷ್ಟು ಹಿಗ್ಗುತ್ತೆ. ಮೈಕ್ರೋಮೀಟರಿಗಿಂತ ಜಾಬ್ 20 ಡಿಗ್ರಿ ಬಿಸಿ ಇದ್ದರೆ 60 ಎಂಎಂ ವ್ಯಾಸ ಸುಮಾರು 14 ಮೈಕ್ರಾನ್ ದಪ್ಪ ಕಾಣುತ್ತೆ. ಅವನು 60.006 ಅಂತ ನೋಡಿದ ಪೀಸ್ ಆರಿದ ಮೇಲೆ 59.992 ಇತ್ತು, ಬೇಕಾದ ಅಳತೆಯಲ್ಲೇ. ಸರಿ ಇದ್ದದ್ದನ್ನು ತಿದ್ದಿದ್ದರಿಂದ ಉಳಿದ 140 ಪೀಸ್ ಆರಿ 59.977ಕ್ಕೆ ಬಂದು ಕೂತಿದ್ದವು. ಕೆಳಗಿನ ಮಿತಿಗಿಂತ 4 ಮೈಕ್ರಾನ್ ಕಡಿಮೆ. ದಪ್ಪ ಇದ್ದರೆ ಇನ್ನೊಂದು ಕಟ್ ಎಳೆಯಬಹುದು, ಸವೆದದ್ದಕ್ಕೆ ಲೋಹ ಸೇರಿಸಲು ಆಗಲ್ಲ. ಬೆಳಿಗ್ಗೆ ಹತ್ತು ಪೀಸ್ ಅಳೆಯುವಷ್ಟರಲ್ಲಿ ನನಗೆ ಕೈಕಾಲು ತಣ್ಣಗಾಯಿತು. ಇಡೀ ಲಾಟ್ ಗುಜರಿಯವರ ತಕ್ಕಡಿಗೆ ಹೋಯಿತು.

ಹುಡುಗನಿಗೆ ಬೈಯಲು ಬಾಯಿ ತೆಗೆದೆ. ಮೇಸ್ತ್ರಿ ತಡೆದರು. "ಅವನಿಗೆ ಯಾರು ಹೇಳಿದ್ರು? ನಿನಗೆ ನಾನು ಹೇಳಿದ್ದೆ. ಅವನಿಗೆ ನೀನು ಹೇಳಿದ್ಯಾ?"

ಹೇಳಿರಲಿಲ್ಲ. ಲೇಥ್ ಮೇಲೆ ನಿಂತವನಿಗೆ ಇದು ಮಾತಿಲ್ಲದೆಯೇ ಗೊತ್ತಾಗುತ್ತೆ. ಜಾಬ್ ಮುಟ್ಟಿದರೆ ಸುಡುತ್ತೆ. ಚಿಪ್ಸ್ ಬಣ್ಣ ಗೋಧಿಯಿಂದ ನೀಲಿಗೆ ತಿರುಗುವುದು ಕಾಣುತ್ತೆ. ಟೂಲ್ ಮೊಂಡಾದರೆ ಕಿರ್ ಅನ್ನುವುದು ಕೇಳುತ್ತೆ. ಸಿಎನ್‌ಸಿಯಲ್ಲಿ ಇವೆಲ್ಲ ಬಾಗಿಲ ಆಚೆ ಇರುತ್ತವೆ. ಕೂಲೆಂಟ್ ಚಿಮ್ಮಿ ಗಾಜು ಮಬ್ಬಾಗಿರುತ್ತೆ. ಅದೇ ಬಾಗಿಲು ಹುಡುಗನ ಕೈ ಕಾಪಾಡುತ್ತೆ, ಅದೇ ಬಾಗಿಲು ಅವನಿಂದ ಲೋಹವನ್ನು ಬಚ್ಚಿಡುತ್ತೆ. ಅದೂ ಅಲ್ಲದೆ ಲೇಥಲ್ಲಿ ತಪ್ಪಾದರೆ ಒಂದು ಪೀಸ್ ಹಾಳು. ಇಲ್ಲಿ ಅದೇ ತಪ್ಪನ್ನು ಮಷಿನ್ 140 ಸಲ ಚಾಚೂ ತಪ್ಪದೆ ಮಾಡಿತ್ತು.

ಮಾರಲು ಮಾತಾಡಿ ಮುಗಿಸಿದ್ದ ಕೊನೇ ಲೇಥ್ ಅವತ್ತೇ ವಾಪಸ್ ಮೂಲೆಗೆ ಹೋಯಿತು. ಆವತ್ತಿಂದ ನಮ್ಮಲ್ಲಿ ಒಂದು ಕಟ್ಟುನಿಟ್ಟು. ಯಾರೇ ಹೊಸಬರು ಬಂದರೂ ಮೊದಲ ಮೂರು ತಿಂಗಳು ಲೇಥ್. ಕೈಯಲ್ಲಿ ಟೂಲ್ ಗ್ರೈಂಡ್ ಮಾಡಬೇಕು. ಬಿಸಿ ಜಾಬ್ ಒಮ್ಮೆ, ಆರಿದ ಮೇಲೆ ಒಮ್ಮೆ ಅಳೆದು ಎರಡೂ ಬರೆಯಬೇಕು. ಬೇಕಂತಲೇ ಮೊಂಡು ಟೂಲ್ ಹಾಕಿ ಸದ್ದು ಕೇಳಿಸುತ್ತೇವೆ. 55ಕ್ಕಿಂತ ಕಡಿಮೆ ಪೀಸ್ ಇರುವ ಆರ್ಡರ್‌ಗಳೆಲ್ಲ ಆ ಲೇಥ್‌ಗೇ ಹೋಗುವುದರಿಂದ ಕಲಿಯುವವರ ಸಂಬಳದಲ್ಲಿ ಒಂದಷ್ಟು ಅಲ್ಲೇ ಹುಟ್ಟುತ್ತೆ. ಪೂರ್ತಿ ಅಲ್ಲ. ಉಳಿದದ್ದು ನನ್ನ ಜೇಬಿಂದ, ಮತ್ತು ಅದು ಕೊಡಬೇಕಾದದ್ದೇ ಅಂತ ನನ್ನ ಅಭಿಪ್ರಾಯ. ಕಲಿತವನು ಬೇರೆ ಕಡೆ ಜಾಸ್ತಿ ಸಂಬಳಕ್ಕೆ ಹೋಗುತ್ತಾನಲ್ಲಾ ಅಂತ ಕೇಳುತ್ತಾರೆ. ಹೋಗುತ್ತಾರೆ, ಹೌದು. ನಾನೂ ಹಾಗೇ ಒಂದು ಶಾಪಲ್ಲಿ ಕಲಿತು ಹೊರಗೆ ಬಂದವನು.

ಮೇಸ್ತ್ರಿಗೆ ಹೊಸ ಕೆಲಸ ಸಿಕ್ಕಿತು. ಮಷಿನ್‌ನಲ್ಲಿ ಜಾಬ್ ಹಿಡಿಯುವುದು ಚಕ್. ಸಿಎನ್‌ಸಿ ಚಕ್‌ಗೆ ಹಾಕುವ ಸಾಫ್ಟ್ ಜಾ ಅನ್ನುವ ಮೆತ್ತನೆ ಲೋಹದ ದವಡೆಗಳನ್ನು ಆಯಾ ಜಾಬ್ ವ್ಯಾಸಕ್ಕೆ ಸರಿಯಾಗಿ ಒಳಗೆ ಕೊಯ್ದು ಬೋರ್ ಮಾಡಬೇಕು. ಎಷ್ಟು ಬಿಗಿ ಹಿಡಿಯಬೇಕು, ತೆಳು ಬುಷ್ ಆದರೆ ಎಲ್ಲಿ ಒತ್ತಡ ಬೀಳಬಾರದು, ಇದೆಲ್ಲ ಕೈಗೆ ಗೊತ್ತಿರುವವರ ಕೆಲಸ. ಇಂಗ್ಲಿಷ್ ಸ್ಕ್ರೀನ್ ಅಂದರೆ ಮಾತ್ರ ಅವರಿಗೆ ಹಿಂಜರಿಕೆ. ಅದಕ್ಕೆ ನಾನೂ ಒಬ್ಬ ಹುಡುಗನೂ ಕೂತು ಒಂದು ಉದ್ದನೆಯ ನೋಟ್‌ಬುಕ್ಕಲ್ಲಿ ಎಲ್ಲಾ ಕನ್ನಡದಲ್ಲಿ ಬರೆದೆವು. ಯಾವ ಅಲಾರಂ ಬಂದರೆ ಏನರ್ಥ, ಮೊದಲು ಏನು ನೋಡಬೇಕು, ಏನು ಮುಟ್ಟಬಾರದು. "ನಮ್ಮ ಮಷಿನ್‌ನಲ್ಲಿ 50 ಅಂತ ಮಾತ್ರ ಹೊಡೆದರೆ ಅದು 50 ಮೈಕ್ರಾನ್. 50 ಎಂಎಂ ಬೇಕಾದರೆ ಚುಕ್ಕಿ ಹಾಕು" ಅನ್ನುವ ಸಾಲನ್ನು ಕೆಂಪು ಇಂಕಲ್ಲಿ ಬರೆದು ಮಷಿನ್ ಮೇಲೂ ಅಂಟಿಸಿದ್ದೇವೆ. ಆ ಚುಕ್ಕಿ ಮರೆತು ಟೂಲ್ ಸೀದಾ ಚಕ್‌ಗೆ ಗುದ್ದಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಈ ನೋಟ್‌ಬುಕ್ ಬರೆಯಲು ಒಂದು ಪೈಸೆ ಖರ್ಚಿಲ್ಲ. ಸಿಎನ್‌ಸಿ ಹಾಕುವವರು ಮೊದಲ ದಿನದಿಂದಲೇ ಬರೆಯಲಿ.

ಆ ನೋಟ್‌ಬುಕ್ ನಮ್ಮನ್ನು ಉಳಿಸಿದ್ದು 2020ರಲ್ಲಿ. ಮಾರ್ಚ್ 25ಕ್ಕೆ ಲಾಕ್‌ಡೌನ್ ಆಯಿತು. ಮೇನ್ ಸ್ವಿಚ್ ಆರಿಸಿ, ಬೀಗ ಹಾಕಿ ಊರಿಗೆ ಹೋದೆವು. ಮೇ ಮೊದಲ ವಾರ ಬಂದು ಮಷಿನ್ ಆನ್ ಮಾಡಿದರೆ ಹಳೇ ಸಿಎನ್‌ಸಿಯ ಸ್ಕ್ರೀನ್ ತುಂಬ ಅಲಾರಂ. ಪ್ರೋಗ್ರಾಂ ಪಟ್ಟಿ ಖಾಲಿ. ಮಷಿನ್ ಒಳಗಿನ ಮೆಮೊರಿ ಹಿಡಿದಿಡುವುದು ಒಂದು ಸಣ್ಣ ಬ್ಯಾಟರಿ. ಕರೆಂಟ್ ಇದ್ದಾಗ ಅದಕ್ಕೆ ಕೆಲಸ ಇಲ್ಲ. ನಲವತ್ತು ದಿನ ಕರೆಂಟ್ ಇಲ್ಲದೆ ಅದು ಖಾಲಿಯಾಗಿತ್ತು. ಬ್ಯಾಟರಿ ಗುರುತು ಮಾರ್ಚ್‌ನಲ್ಲೇ ಮಿನುಗುತ್ತಿತ್ತು, ಮುಂದಿನ ವಾರ ನೋಡೋಣ ಅಂತ ಬಿಟ್ಟಿದ್ದೆ. ಎಂಟು ವರ್ಷದಲ್ಲಿ ಬರೆದ 180 ಪ್ರೋಗ್ರಾಂ ಹೋದವು. ಮಷಿನ್‌ನ ಮೂಲ ಸೆಟ್ಟಿಂಗ್ ಆದ ಪ್ಯಾರಾಮೀಟರ್‌ಗಳನ್ನು ಸರ್ವಿಸ್‌ನವರು ಬಂದು ಮತ್ತೆ ತುಂಬಿದರು. ಪ್ರೋಗ್ರಾಂ ಯಾರು ತುಂಬಬೇಕು? ನೋಟ್‌ಬುಕ್ಕಲ್ಲಿ ಅರವತ್ತು ಜಾಬ್‌ಗಳ ಸ್ಪೀಡು, ಫೀಡು, ಟೂಲ್ ನಂಬರು ಇದ್ದವು. ಅಷ್ಟನ್ನು ವಾರದಲ್ಲಿ ಎಬ್ಬಿಸಿದೆವು. ಉಳಿದದ್ದಕ್ಕೆ ಡ್ರಾಯಿಂಗ್ ಹುಡುಕಿ ಹೊಸದಾಗಿ ಬರೆದೆವು.

ಬೀಗ ತೆಗೆದ ಆ ದಿನ ಶೆಡ್‌ನಲ್ಲಿ ಮೊದಲು ಓಡಿದ್ದು ಮೂಲೆಯ ಲೇಥ್. ನೀರಿನ ಪಂಪ್ ರಿಪೇರಿಯವರು ಎರಡು ಶಾಫ್ಟ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಒಂದು ಗಂಟೆಯಲ್ಲಿ ಮಾಡಿ ಕೊಟ್ಟೆ. ಈಗ ಪ್ರತಿ ವರ್ಷ ಯುಗಾದಿ ಮುಂಚೆ, ಮಷಿನ್ ಆನ್ ಇರುವಾಗಲೇ, ಬ್ಯಾಟರಿ ಬದಲಿಸುತ್ತೇವೆ. ಆರಿಸಿ ಬದಲಿಸಿದರೆ ಮತ್ತೆ ಅದೇ ಗತಿ. ತಿಂಗಳಿಗೊಮ್ಮೆ ಎಲ್ಲಾ ಪ್ರೋಗ್ರಾಂಗಳನ್ನು ಎರಡು ಕಡೆ ಕಾಪಿ ಮಾಡುತ್ತೇವೆ. ಒಂದು ಶೆಡ್‌ನಲ್ಲಿ, ಇನ್ನೊಂದು ನಮ್ಮ ಮನೆ ಬೀರುವಿನಲ್ಲಿ.

ಈಗ ನಮ್ಮಲ್ಲಿ ಮೂರು ಸಿಎನ್‌ಸಿ ಇವೆ. ಮಂಡಿನೋವಿಗೆ ಮೇಸ್ತ್ರಿ 2019ರಲ್ಲಿ ಕೆಲಸ ಬಿಟ್ಟರು. ಎರಡು ಮಷಿನ್ ನಡೆಸುವುದು ಹೆಣ್ಣುಮಕ್ಕಳು. 2017ರಲ್ಲಿ ಪೀಸ್ ಅಳೆಯುವ ಕೆಲಸಕ್ಕೆ ಬಂದವರು, ನೋಡುತ್ತಾ ನೋಡುತ್ತಾ ಮಷಿನ್ ಹಿಡಿದರು. ಹೊಸಬರ ಮೂರು ತಿಂಗಳ ಲೆಕ್ಕದಲ್ಲಿ ಅವರು ಬರಲೇ ಇಲ್ಲ, ಅದು ನನ್ನಿಂದ ಬಿಟ್ಟುಹೋದದ್ದು. ಪೀಣ್ಯದ ಲೇಥ್ ಶಾಪ್‌ಗಳಲ್ಲಿ ನಾನು ದುಡಿದ ಕಾಲದಲ್ಲಿ ಒಬ್ಬ ಹೆಂಗಸು ಲೇಥ್ ಮೇಲೆ ನಿಂತದ್ದನ್ನು ನೋಡಿರಲಿಲ್ಲ. ಸಿಎನ್‌ಸಿ ಆ ಬಾಗಿಲು ತೆಗೆಯಿತು. ಇವರಿಬ್ಬರ ಮಷಿನ್‌ನಲ್ಲಿ ರಿಜೆಕ್ಷನ್ ನಮ್ಮಲ್ಲೇ ಕಡಿಮೆ.

ಹೋದ ವರ್ಷ ಜಾಬ್ ತಾನೇ ಎತ್ತಿ ಹಾಕುವ ಲೋಡರ್‌ಗೆ ಕೊಟೇಶನ್ ತರಿಸಿದೆ. ಅದು ಬಂದರೆ ಒಬ್ಬರು ಎರಡು ಮಷಿನ್ ನೋಡಿಕೊಳ್ಳಬಹುದು. ರಾತ್ರಿ ಪಾಳಿಗೆ ಜನ ಸಿಗದ ತೊಂದರೆಯೂ ಅರ್ಧ ನೀಗುತ್ತೆ. ಕಾಗದ ಮೇಜಿನ ಮೇಲೆ ಬಿದ್ದದ್ದನ್ನು ಅವರಲ್ಲೊಬ್ಬರು ನೋಡಿದರು. ಸಂಜೆ ಹೋಗುವಾಗ ಕೇಳಿದರು: "ಅಣ್ಣಾ, ಅದು ಬಂದ್ರೆ ನಾವು?"

ಆಟೋ ತೆಗೆದುಕೊಂಡ ಟರ್ನರ್ 2012ರಲ್ಲಿ ಈ ಮಾತನ್ನು ಕೇಳದೇ ಹೋಗಿದ್ದರು. ಈ ಸಲ ಇಬ್ಬರನ್ನೂ ಕೂರಿಸಿ ಲೆಕ್ಕ ಎಲ್ಲಾ ಮುಂದೆ ಇಟ್ಟೆ. ಜಾಬ್ ಹಾಕಿ ತೆಗೆಯುವ ಕೆಲಸ ಇವತ್ತಲ್ಲ ನಾಳೆ ಮಷಿನ್‌ಗೆ ಹೋಗುತ್ತೆ. ಟೂಲ್, ಜಾ, ಅಳತೆ ಹೊಂದಿಸುವ ಸೆಟ್ಟಿಂಗ್ ಕೆಲಸ ಹೋಗಲ್ಲ, ಜಾಸ್ತಿ ಆಗುತ್ತೆ. ಅದಕ್ಕೆ ಮೊದಲು ನೀವು ಸೆಟ್ಟರ್ ಆಗಿ, ಆಮೇಲೆ ಲೋಡರ್ ಬರಲಿ, ಅಲ್ಲಿಯವರೆಗೆ ನಾನು ಕಾಯುತ್ತೇನೆ ಅಂದೆ.

ದೀಪಾವಳಿ ಆದಾಗಿನಿಂದ ಇಬ್ಬರೂ ದಿನಾ ಎರಡು ಗಂಟೆ ಆ ಹಳೇ ಲೇಥ್ ಮೇಲೆ ನಿಲ್ಲುತ್ತಿದ್ದಾರೆ. ತಿಂಗಳಿಗೊಮ್ಮೆ ಮೇಸ್ತ್ರಿ ಬಂದು ಕುರ್ಚಿ ಹಾಕಿಕೊಂಡು ಕೂತು ನೋಡುತ್ತಾರೆ. ಮೊನ್ನೆ ಒಬ್ಬರು ತಾವೇ ಸಾಫ್ಟ್ ಜಾ ಬೋರ್ ಮಾಡಿ, ಜಾಬ್ ಹಿಡಿಸಿ, ಅದು ಸರಿಯಾಗಿ ನಡುವಲ್ಲಿ ತಿರುಗುತ್ತಾ ಅಂತ ನೋಡಲು ಡಯಲ್ ಹಚ್ಚಿದರು. ಮುಳ್ಳು 40 ಮೈಕ್ರಾನ್ ಆಡಿತು. ಮೇಸ್ತ್ರಿ ಏನೂ ಅನ್ನಲಿಲ್ಲ, ಬಿಚ್ಚಿ ಮತ್ತೆ ಮಾಡಿ ಅಂತ ಕೈಯಲ್ಲೇ ತೋರಿಸಿದರು. ಎರಡನೇ ಸಲ 25. ಅದು 10ಕ್ಕೆ ಬಂದ ದಿನ ಲೋಡರ್‌ಗೆ ಆರ್ಡರ್ ಕೊಡುವುದು ಅಂತ ನಾವು ಮೂವರೂ ಒಪ್ಪಿಕೊಂಡಿದ್ದೇವೆ.